ಒಂದೇ ಸ್ಟಾರ್ಟರ್‌ನಲ್ಲಿ ಮೂರು ಕಾಯಿಲ್ ಸುಟ್ಟಿದ್ದು ಹೇಗೆ

ತಿಪಟೂರು ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಒಂದೇ ಬೇಸಿಗೆಯಲ್ಲಿ ಮೂರನೇ ಸಲ ನಮ್ಮ ರಿವೈಂಡಿಂಗ್ ಅಂಗಡಿಗೆ ಬಂದರು. ಅವರು ಮೆಟ್ಟಿಲು ಹತ್ತುವ ಮೊದಲೇ ಕೈಯಲ್ಲಿದ್ದ ಕವರಿನಿಂದ ಸುಟ್ಟ ಎನಾಮಲ್ ವಾಸನೆ ಬಂತು. ಒಳಗಿದ್ದದ್ದು ಸ್ಟಾರ್ಟರ್‌ನ ನೋ-ವೋಲ್ಟ್ ಕಾಯಿಲ್, ಅಂದರೆ ಕರೆಂಟು ಇರುವವರೆಗೆ ಮೋಟರಿನ ಸ್ವಿಚ್ಚನ್ನು ಹಿಡಿದಿಟ್ಟು, ಕರೆಂಟು ಹೋದಾಗ ಬಿಡುವ ತಂತಿಯ ಸುರುಳಿ. ತಂತಿ ಸುತ್ತುವ ಪ್ಲಾಸ್ಟಿಕ್ ಬಾಬಿನ್ ಕರಗಿ ಒಂದು ಮೂಲೆ ಜೋತುಬಿದ್ದಿತ್ತು. ಮೇಲಿನ ಟೇಪು ಕಪ್ಪಾಗಿ ಪುಡಿಯಾಗುತ್ತಿತ್ತು.

ಮೊದಲು ಸುಟ್ಟದ್ದು ಸ್ಟಾರ್ಟರ್ ಜೊತೆಗೇ ಬಂದಿದ್ದ ಕಾಯಿಲ್. ಅದು ಏಳೆಂಟು ವರ್ಷ ಬಾಳಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯದು ಅಂಗಡಿಯಿಂದ ತಂದ ಹೊಸ ಕಾಯಿಲ್, 9 ದಿನ ಬಂತು. ಮೂರನೆಯದನ್ನು ಸುತ್ತಿದ್ದು ನಾವೇ. ಅದು 4 ದಿನಕ್ಕೆ ಹೋಯಿತು. "ಏನಪ್ಪಾ, ದಿನಕ್ಕೆ ದಿನ ಕಮ್ಮಿ ಆಗ್ತಾ ಐತಲ್ಲ" ಎಂದರು ಯಜಮಾನರು. ಅವರಿಗೆ ಕೋಪವಿರಲಿಲ್ಲ. ಎಳೆ ಸಸಿಗಳು ಒಣಗುತ್ತಿದ್ದವು, ಅದರ ಚಿಂತೆ. ನಾಲ್ಕನೇ ಕಾಯಿಲ್ ಕೊಟ್ಟು ಕಳಿಸಲು ನನಗೆ ಮನಸ್ಸಾಗಲಿಲ್ಲ. ಆ ಕೆಲಸದಲ್ಲಿ ಕಂಡದ್ದು ಮ್ಯಾಗ್ನೆಟಿಕ್ ಸರ್ಕ್ಯೂಟ್ ಅನ್ನುವ ಪಾಠದ ಅಷ್ಟೂ ಭಾಗ. ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದ ಸೂತ್ರಗಳು ಒಂದು ಅಂಗೈಯಗಲದ ಕಬ್ಬಿಣದಲ್ಲಿ ಕೂತಿದ್ದವು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಸ್ಟಾರ್ಟರ್ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರಿನದು. ಒಳಗಿನ ಕಾಂಟ್ಯಾಕ್ಟರ್‌ನಲ್ಲಿ, ಅಂದರೆ ಕಾಂತದ ಎಳೆತದಿಂದ ಕೂಡುವ ಸ್ವಿಚ್ಚಿನಲ್ಲಿ, ಇಂಗ್ಲಿಷಿನ ಇ ಅಕ್ಷರದಂಥ ಎರಡು ಕಬ್ಬಿಣದ ಕೋರ್‌ಗಳು ಎದುರುಬದುರಾಗಿರುತ್ತವೆ. ಎರಡೂ ತೆಳು ಸ್ಟೀಲ್ ಹಾಳೆಯ ಸ್ಟ್ಯಾಂಪಿಂಗ್ ಜೋಡಿಸಿ ಮಾಡಿದವು. ಕೆಳಗಿನದು ಅಲುಗದು, ಅದರ ನಡುಗಾಲಿಗೆ ಕಾಯಿಲ್ ತೊಡಿಸಿರುತ್ತದೆ. ಕರೆಂಟು ಬಂದಾಗ ಮೇಲಿನ ಕೋರ್ ಕೆಳಕ್ಕೆ ಸೆಳೆಯಲ್ಪಟ್ಟು ಟಪ್ ಎಂದು ಕೂರುತ್ತದೆ. ಅದರ ಜೊತೆಗೆ ಬರುವ ಮೂರು ಕಾಂಟ್ಯಾಕ್ಟ್‌ಗಳು ಮೋಟರಿಗೆ ದಾರಿ ಕೊಡುತ್ತವೆ. ಕಾಯಿಲ್ 415 ವೋಲ್ಟಿನದು, ಎರಡು ಫೇಸ್ ನಡುವೆ ಕೂತಿರುತ್ತದೆ. 41 ಗೇಜಿನ, ಕೂದಲಿಗಿಂತ ತುಸುವೇ ದಪ್ಪದ ತಂತಿ, 8000 ಸುತ್ತು. ಮಲ್ಟಿಮೀಟರ್ ಹಚ್ಚಿದರೆ 1300 ಓಮ್.

ಈ 1300 ಓಮೇ ಎಷ್ಟೋ ಜನರ ಹಾದಿ ತಪ್ಪಿಸುವುದು. 415 ವೋಲ್ಟನ್ನು 1300ರಿಂದ ಭಾಗಿಸಿದರೆ ಸುಮಾರು 320 ಮಿಲಿ ಆಂಪಿಯರ್. ಅಷ್ಟು ಹರಿದರೆ ಯಾವ ನೋ-ವೋಲ್ಟ್ ಕಾಯಿಲೂ ಹೆಚ್ಚು ಹೊತ್ತು ಉಳಿಯದು. ಕೋರ್ ಸರಿಯಾಗಿ ಕೂತಾಗ ನಿಜಕ್ಕೂ ಹರಿಯುವುದು 24 ಮಿಲಿ ಆಂಪಿಯರ್. ಮಿಕ್ಕದ್ದನ್ನು ತಡೆಯುವುದು ತಾಮ್ರವಲ್ಲ, ಕಾಯಿಲ್‌ನ ಇಂಡಕ್ಟೆನ್ಸ್, ಅಂದರೆ ಏರಿಳಿಯುವ ಎಸಿ ಕರೆಂಟಿಗೆ ಕಾಯಿಲ್ ಒಡ್ಡುವ ತಡೆಯ ಗುಣ. ಆ ಇಂಡಕ್ಟೆನ್ಸ್ ತಂತಿಯೊಂದರಲ್ಲೇ ಇಲ್ಲ. ಅದು ಕಬ್ಬಿಣದಲ್ಲಿ ಮತ್ತು ಕಬ್ಬಿಣದ ನಡುವಿನ ಸಂದಿನಲ್ಲಿದೆ. ಮಲ್ಟಿಮೀಟರಿನ ಓಮ್ ರೇಂಜಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ "ಕಂಟಿನ್ಯುಟಿ ಬರ್ತಿದೆ, ಓಮ್ ಸರಿ ಇದೆ, ಕಾಯಿಲ್ ಒಳ್ಳೇದು" ಎಂದು ಹೇಳಿ ಕಳಿಸುವುದು ಅರ್ಧ ಪರೀಕ್ಷೆ ಮಾತ್ರ.

ಬೆಳಗಿನ ಜಾವ 4ಕ್ಕೆ ತ್ರೀ ಫೇಸ್ ಬರುತ್ತದೆಂದು ಯಜಮಾನರು ಹೇಳಿದ್ದರು. ಹಿಂದಿನ ರಾತ್ರಿಯೇ ಹೋಗಿ ಅವರ ಮನೆಯಲ್ಲಿ ಮಲಗಿ, 3.45ಕ್ಕೆ ನಮ್ಮ ಅಂಗಡಿಯ ಹುಡುಗನನ್ನು ಕರೆದುಕೊಂಡು ಪಂಪ್‌ಶೆಡ್ಡಿಗೆ ಹೋದೆ. ಪರೀಕ್ಷೆಗೆಂದು ನಾವೇ ಸುತ್ತಿದ ಎರಡನೇ ಕಾಯಿಲ್ ಹಾಕಿದೆವು. ಸುಟ್ಟುಹೋದದ್ದರ ಜೋಡಿ ಅದು. ಲೈನಿಗೆ ಮೀಟರ್ ಹಚ್ಚಿಟ್ಟುಕೊಂಡು ಕೂತೆವು. ಕರೆಂಟು ಬಂತು. ಅಕ್ಕಪಕ್ಕದ ತೋಟಗಳಲ್ಲಿ ಕರೆಂಟು ಬಂದಾಗ ತಾವಾಗಿಯೇ ಮೋಟರ್ ಹೊರಡಿಸುವ ಆಟೊ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೇ ಎದ್ದವು, ಕತ್ತಲಲ್ಲಿ ದೂರದಿಂದ ಟಪ್ ಟಪ್ ಸದ್ದು ಕೇಳುತ್ತಿತ್ತು. ಮೀಟರಿನಲ್ಲಿ 328 ವೋಲ್ಟ್. ನಮ್ಮ ಕಾಂಟ್ಯಾಕ್ಟರ್ ಮಾತ್ರ ಪಿಕಪ್ ಆಗಲಿಲ್ಲ, ಅಂದರೆ ಕೋರ್ ಎಳೆದುಕೊಂಡು ಕೂರಲಿಲ್ಲ. ಮೇಲಿನ ಕೋರ್ ಕೂರಲೂ ಆಗದೆ ಮೇಲೇರಲೂ ಆಗದೆ ಗುಂಯ್ ಎಂದು ನಡುಗುತ್ತಿತ್ತು. ಮೋಟರುಗಳು ಹೊರಡುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತವೆ. ಒಂದೊಂದಾಗಿ ವೇಗ ಹಿಡಿದ ಮೇಲೆ ಲೈನು ಚೇತರಿಸಿಕೊಳ್ಳುತ್ತದೆ. ನಾಲ್ಕು ನಿಮಿಷಕ್ಕೆ ಮೀಟರ್ 381ಕ್ಕೆ ಏರಿತು, ಆಗ ಟಪ್ ಎಂದು ಕೂತು ಮೋಟರ್ ಓಡಿತು, ನೀರೂ ಬಂತು. ಆದರೆ ಗುಂಯ್ ಸದ್ದು ನಿಲ್ಲಲಿಲ್ಲ. ಬಾಕ್ಸಿನ ಮುಚ್ಚಳಕ್ಕೆ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತಿತ್ತು.

ಕೈಯಿಂದ ಬಟನ್ ಒತ್ತುವ ಸ್ಟಾರ್ಟರ್ ಆಗಿದ್ದರೆ ಪಿಕಪ್ ಆಗದ ಕಾಯಿಲ್‌ಗೆ ಬೆರಳು ತೆಗೆದ ಕೂಡಲೇ ಕರೆಂಟು ನಿಲ್ಲುತ್ತಿತ್ತು. ಇಲ್ಲಿ ಆಟೊ ಸ್ಟಾರ್ಟರ್ ಇತ್ತು, ಅದಕ್ಕೆ ಕಡಿಮೆ ವೋಲ್ಟೇಜ್ ಕಟ್‌ಆಫ್ ಇರಲಿಲ್ಲ. ಆ ನಾಲ್ಕು ನಿಮಿಷವೂ ಕಾಯಿಲ್ ಕರೆಂಟಿನಲ್ಲೇ ಇತ್ತು. ಯಜಮಾನರು ಮನೆಯಲ್ಲಿ ನಿದ್ದೆಯಲ್ಲಿರುವ ಹೊತ್ತು ಅದು.

ಮೇನ್ ಕೆಳಗಿಳಿಸಿ, ಮೂರೂ ಫೇಸ್ ಸತ್ತಿವೆಯೆಂದು ನೋಡಿಕೊಂಡು ಕೋರ್ ಬಿಚ್ಚಿದೆವು. ಬಾಕ್ಸಿನ ತಳದಲ್ಲಿ ಕೇಬಲ್ ಬರುವ ತೂತು ತೆರೆದೇ ಇತ್ತು. ಅಲ್ಲಿಂದ ಕಡಜ ಒಳಗೆ ಬಂದು ಕಾಂಟ್ಯಾಕ್ಟರ್‌ನ ಪಕ್ಕದಲ್ಲಿ ಮಣ್ಣಿನ ಗೂಡು ಕಟ್ಟಿದೆ. ಗೂಡಿನ ಮಣ್ಣು ಉದುರಿ ಕೆಳಗಿನ ಕೋರಿನ ಹೊರಗಾಲುಗಳ ಮೇಲೆ ಬಿದ್ದಿದೆ. ಮೇಲಿನ ಕೋರ್ ಸಾವಿರಾರು ಸಲ ಬಡಿದು ಅದನ್ನು ತುಕ್ಕಿನ ಜೊತೆ ಕುಟ್ಟಿ ಗಾರೆಯಂತೆ ಗಟ್ಟಿ ಮಾಡಿದೆ. ಒಂದು ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಹಾಳೆ ಇಟ್ಟು ಎರಡೂ ಕೋರ್ ಒತ್ತಿ ನೋಡಿದೆ. ಕೋರ್ ಸರಿಯಾಗಿ ಕೂತರೆ ಹೊರಗಾಲುಗಳ ಗುರುತು ಚೌಕಾಕಾರವಾಗಿ ತುಂಬಿ ಬರಬೇಕು. ಬಂದದ್ದು ನಾಲ್ಕೈದು ಚುಕ್ಕೆ. ಫೀಲರ್ ಗೇಜ್ ತೂರಿಸಿದರೆ ಅರ್ಧ ಮಿಲಿಮೀಟರ್ ಪಟ್ಟಿ ಸಲೀಸಾಗಿ ಹೋಯಿತು. ಯಜಮಾನರು ಟಾರ್ಚ್ ಹಿಡಿದು ಬಗ್ಗಿ ನೋಡಿ, "ಇಷ್ಟು ಮಣ್ಣಿಗಾ ಕಾಯಿಲ್ ಸುಡೋದು?" ಎಂದರು. ಹೌದು, ಅಷ್ಟೇ ಮಣ್ಣಿಗೆ.

ಕಾಯಿಲ್‌ನ ಸುತ್ತುಗಳಲ್ಲಿ ಕರೆಂಟು ಹರಿದಾಗ ಕಬ್ಬಿಣದಲ್ಲಿ ಫ್ಲಕ್ಸ್, ಅಂದರೆ ಕಾಂತದ ಹರಿವು, ಎದ್ದು ಒಂದು ಸುತ್ತು ಬರುತ್ತದೆ. ನಡುಗಾಲಿನಿಂದ ಮೇಲಿನ ಕೋರ್‌ಗೆ ಹೋಗಿ, ಅಲ್ಲಿ ಎಡ ಬಲ ಹಂಚಿಕೊಂಡು, ಹೊರಗಾಲುಗಳಿಂದ ಇಳಿದು ಮತ್ತೆ ನಡುಗಾಲಿಗೆ. ವಿದ್ಯುತ್ತಿಗೆ ವೈರಿನ ಸರ್ಕ್ಯೂಟ್ ಇದ್ದ ಹಾಗೆ ಫ್ಲಕ್ಸಿಗೆ ಇದು ಸರ್ಕ್ಯೂಟ್. ತಳ್ಳುವ ಬಲ ಕರೆಂಟು ಮತ್ತು ಸುತ್ತಿನ ಗುಣಾಕಾರ, ಅದನ್ನು ಆಂಪಿಯರ್-ಟರ್ನ್ ಅನ್ನುತ್ತೇವೆ. ದಾರಿಯ ತಡೆಗೆ ರಿಲಕ್ಟೆನ್ಸ್ ಎಂದು ಹೆಸರು. ಈ ಹೆಸರನ್ನು 1888ರಲ್ಲಿ ಕೊಟ್ಟವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಇಂಡಕ್ಟೆನ್ಸ್ ಎಂಬ ಪದವೂ ಅವನದೇ, ಅದಕ್ಕೂ ಎರಡು ವರ್ಷ ಮೊದಲಿನದು. ಕಾಲೇಜಿಗೆ ಹೋಗದೆ, ಟೆಲಿಗ್ರಾಫ್ ಕೆಲಸ ಮಾಡಿ, ಮಿಕ್ಕದ್ದೆಲ್ಲ ತಾನೇ ಓದಿ ಕಲಿತ ಮನುಷ್ಯ. ರಿಪೇರಿ ಬೆಂಚಿನ ಮುಂದೆ ಕೂರುವ ನಮ್ಮ ಹುಡುಗರಿಗೆ ಅವನ ಹೆಸರು ಗೊತ್ತಿರಬೇಕು ಎಂದು ನನ್ನ ಆಸೆ.

ಈ ದಾರಿಯಲ್ಲಿ ಕಬ್ಬಿಣದ ಪಾಲು ಎಷ್ಟು, ಗಾಳಿಯ ಪಾಲು ಎಷ್ಟು ಎಂಬುದರಲ್ಲೇ ವಿಷಯವಿರುವುದು. ಕೋರಿನ ಸ್ಟೀಲು ಗಾಳಿಗಿಂತ 2000 ಪಟ್ಟು ಸಲೀಸಾಗಿ ಫ್ಲಕ್ಸಿಗೆ ದಾರಿ ಬಿಡುತ್ತದೆಂದು ಹಿಡಿಯೋಣ. ಆಗ 1 ಮಿ.ಮೀ. ಗಾಳಿಯ ಸಂದು ಎಂದರೆ 2 ಮೀಟರ್ ಉದ್ದದ ಕಬ್ಬಿಣಕ್ಕೆ ಸಮ. ನಮ್ಮ ಕೋರಿನಲ್ಲಿ ಕಬ್ಬಿಣದ ದಾರಿ ಇರುವುದೇ ಸುಮಾರು 10 ಸೆಂಟಿಮೀಟರ್. ಎರಡೂವರೆ ಇಂಚಿನ ಪೈಪಿನ ನಡುವೆ ಒಂದು ಗೇಣು ಡ್ರಿಪ್ಪಿನ ನಳಿಗೆ ಜೋಡಿಸಿದರೆ ಎಷ್ಟು ನೀರು ಬರುತ್ತದೆಂಬುದನ್ನು ಆ ನಳಿಗೆಯೇ ತೀರ್ಮಾನಿಸುತ್ತದೆ, ಉದ್ದನೆಯ ದೊಡ್ಡ ಪೈಪಲ್ಲ. ಯಜಮಾನರಿಗೆ ಹೀಗೇ ಹೇಳಿದೆ, ತಕ್ಷಣ ಹಿಡಿದರು. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಫ್ಲಕ್ಸ್ ನೀರಿನ ಹಾಗೆ ಪೈಪಿನೊಳಗೇ ಇರುವುದಿಲ್ಲ, ಸಂದು ದೊಡ್ಡದಾದರೆ ಪಕ್ಕಕ್ಕೂ ಉಬ್ಬಿ ಸೋರುತ್ತದೆ. ಸಣ್ಣ ಸಂದಿಗೆ ಮಾತ್ರ ಲೆಕ್ಕ ಚೆನ್ನಾಗಿ ಕೂಡುತ್ತದೆ.

ಅಂಗಡಿಗೆ ತಂದು ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸುವ ಮೂರು ಫೇಸಿನ ವೇರಿಯಾಕ್‌ನಿಂದ 415 ವೋಲ್ಟ್ ಕೊಟ್ಟು, ಕಾಯಿಲ್‌ನ ಸರಣಿಯಲ್ಲಿ ಮಿಲಿ ಆಂಪಿಯರ್ ಮೀಟರ್ ಹಾಕಿ ಅಳೆದೆವು. ತಂತಿಯ ಸುತ್ತ ಇಕ್ಕಳದಂತೆ ಹಿಡಿದು ಅಳೆಯುವ ಟಾಂಗ್ ಟೆಸ್ಟರ್ ಇಷ್ಟು ಸಣ್ಣ ಕರೆಂಟನ್ನು ನಂಬುವ ಹಾಗೆ ತೋರಿಸುವುದಿಲ್ಲ. ಈ ಅಳತೆಗೆ ಹಾಕಿದ್ದು 8000 ಸುತ್ತಿನ ಅಸಲಿ ಕಾಯಿಲ್. ಕೋರ್ ಒರೆಸಿ ಪೂರ್ತಿ ಕೂರಿಸಿದಾಗ 24 ಮಿಲಿ ಆಂಪಿಯರ್. ಮಣ್ಣಿನಷ್ಟೇ ದಪ್ಪದ, ಅರ್ಧ ಮಿಲಿಮೀಟರಿನ ರಟ್ಟನ್ನು ಹೊರಗಾಲುಗಳಿಗೆ ಇಟ್ಟಾಗ 96. ಮರದ ತುಂಡು ಅಡ್ಡ ಕೊಟ್ಟು ಪೂರ್ತಿ ತೆರೆದೇ ಇಟ್ಟಾಗ 170. ವೋಲ್ಟೇಜ್ ಅದೇ, ತಂತಿ ಅದೇ, ಸುತ್ತು ಅದೇ. ಬದಲಾದದ್ದು ಸಂದು ಮಾತ್ರ.

ಇಂಡಕ್ಟೆನ್ಸ್ ಎಂದರೆ ಸುತ್ತಿನ ವರ್ಗವನ್ನು ರಿಲಕ್ಟೆನ್ಸಿನಿಂದ ಭಾಗಿಸಿದ್ದು. ಮೀಟರಿನ ಓದುಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಕೂತ ಕೋರಿನಲ್ಲಿ ಸುಮಾರು 55 ಹೆನ್ರಿ, ಪೂರ್ತಿ ತೆರೆದಾಗ 6.6 ಹೆನ್ರಿ. 55 ಹೆನ್ರಿ ಬರಬೇಕಾದರೆ, ನಮ್ಮ ನಡುಗಾಲು 15 ಮಿ.ಮೀ. ಚೌಕ ಇರುವುದರಿಂದ, ಇಡೀ ದಾರಿಯ ತಡೆ 0.33 ಮಿ.ಮೀ. ಗಾಳಿಗೆ ಸಮವಿರಬೇಕು. ಅದರಲ್ಲಿ ದೊಡ್ಡ ಪಾಲು ಕಂಪನಿಯವರೇ ಬೇಕೆಂದು ಬಿಟ್ಟ ಸಂದು. ನಡುಗಾಲನ್ನು ಕೂದಲಷ್ಟು ಗಿಡ್ಡ ಮಾಡಿರುತ್ತಾರೆ. ಇಲ್ಲದಿದ್ದರೆ ಕರೆಂಟು ಹೋದ ಮೇಲೂ ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿ ಕೋರನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಮೋಟರ್ ಆಫ್ ಆಗುವುದಿಲ್ಲ. ಈಗ ಮಣ್ಣು ಸೇರಿಸಿ. ಫ್ಲಕ್ಸ್ ನಡುಗಾಲಿನಲ್ಲಿ ಅರ್ಧ ಮಿಲಿಮೀಟರ್, ಹೊರಗಾಲಿನಲ್ಲಿ ಇನ್ನರ್ಧ, ಒಟ್ಟು 1 ಮಿ.ಮೀ. ಹೆಚ್ಚು ಗಾಳಿ ದಾಟಬೇಕು. 0.33 ಇದ್ದದ್ದು 1.33 ಆಯಿತು, ತಡೆ ನಾಲ್ಕು ಪಟ್ಟು. ಹಾಗಾಗಿ ಇಂಡಕ್ಟೆನ್ಸ್ ಕಾಲುಭಾಗಕ್ಕಿಳಿದು 13.6 ಹೆನ್ರಿ, ಕರೆಂಟು 93 ಮಿಲಿ ಆಂಪಿಯರ್ ಆಗಬೇಕು. ಮೀಟರ್ 96 ತೋರಿಸಿತ್ತು. ಪುಸ್ತಕದ ಲೆಕ್ಕ ಬೆಂಚಿನ ಮೇಲೆ ಇಷ್ಟು ಹತ್ತಿರ ಬಂದದ್ದು ನೋಡಿ ಹುಡುಗನ ಮುಖ ಅರಳಿತು. ಇಂಡಕ್ಟೆನ್ಸನ್ನು ನೇರ ತೋರಿಸುವ ಎಲ್‌ಸಿಆರ್ ಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು: ಅದು ಸಣ್ಣ ಸಿಗ್ನಲ್‌ನಲ್ಲಿ, ಬಹಳ ಸಲ 50ಕ್ಕಿಂತ ಎಷ್ಟೋ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಅಳೆಯುತ್ತದೆ. ಕಬ್ಬಿಣದ ಕೋರ್ ಇದ್ದಾಗ ಅದರ ಅಂಕಿ ಓಡುವ ಕಾಯಿಲ್‌ಗೆ ಹೊಂದುವುದಿಲ್ಲ. ಓಡುವ ವೋಲ್ಟೇಜ್ ಕೊಟ್ಟು ಕರೆಂಟು ಅಳೆಯುವುದೇ ಸರಿ.

ಕಾಯಿಲ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ. 24 ಮಿಲಿ ಆಂಪಿಯರಿನಲ್ಲಿ ತಾಮ್ರದ ಶಾಖ ಮುಕ್ಕಾಲು ವ್ಯಾಟ್, ಮುಟ್ಟಿದರೆ ಉಗುರುಬೆಚ್ಚಗೆ. 96ರಲ್ಲಿ 12 ವ್ಯಾಟ್, ಅಂದರೆ 16 ಪಟ್ಟು. ಬೆಂಕಿಪೊಟ್ಟಣದ ಗಾತ್ರದ ಪ್ಲಾಸ್ಟಿಕ್ ಬಾಬಿನ್ನಿನೊಳಗೆ, ಮುಚ್ಚಿದ ಬಾಕ್ಸಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ದಿನಕ್ಕೆ ಆರೇಳು ಗಂಟೆ. ಇಷ್ಟಾದರೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಮೇಲಿನ ಕೋರ್ ಪೂರ್ತಿ ಕೂರುವುದಕ್ಕೆ ಮುಂಚೆಯೇ ಕಾಂಟ್ಯಾಕ್ಟ್‌ಗಳು ಮುಟ್ಟಿರುತ್ತವೆ, ಮೋಟರ್ ಓಡುತ್ತದೆ, ತೋಟಕ್ಕೆ ನೀರು ಹೋಗುತ್ತದೆ. ಸದ್ದೊಂದೇ ಸುಳಿವು. ಡಿಸಿ ಕಾಯಿಲ್ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಲ್ಲಿ ಕರೆಂಟು ಒಮ್ಮೆ ನಿಂತ ಮೇಲೆ ಅದನ್ನು ತೀರ್ಮಾನಿಸುವುದು ಓಮ್ ಒಂದೇ. ಸಂದು ಎಷ್ಟಿದ್ದರೂ ಕರೆಂಟು ಅಷ್ಟೇ, ಎಳೆತ ಮಾತ್ರ ಕಡಿಮೆಯಾಗುತ್ತದೆ.

ಅಂಗಡಿಯ ಹೊಸ ಕಾಯಿಲ್ 9 ದಿನಕ್ಕೆ ಹೋದದ್ದಕ್ಕೆ ಇಷ್ಟು ಕಾರಣ ಸಾಕು. ನಾವು ಸುತ್ತಿದ್ದು 4 ದಿನಕ್ಕೇ ಹೋದದ್ದೇಕೆ? ಅಲ್ಲಿ ತಪ್ಪು ನಮ್ಮದು. "ಮ್ಯಾಗ್ನೆಟ್ಟು ವೀಕ್ ಆಗಿದೆ, ಐನೂರು ಸುತ್ತು ಜಾಸ್ತಿ ಹಾಕೋಣ" ಎಂದು ಹುಡುಗ ಕೇಳಿದ್ದ. ನಾನು ಬೇರೆ ಮೋಟರಿನ ಕೆಲಸದಲ್ಲಿದ್ದೆ, ಹೂಂ ಎಂದಿದ್ದೆ. ಹೀಗೆ 8500 ಸುತ್ತಾಯಿತು. ಸುತ್ತು ಹೆಚ್ಚಾದರೆ ಮ್ಯಾಗ್ನೆಟ್ ಬಲವಾಗುತ್ತದೆಂಬುದು ಶಾಲೆಯಲ್ಲಿ ಮೊಳೆಗೆ ತಂತಿ ಸುತ್ತಿ ಬ್ಯಾಟರಿ ಕೊಟ್ಟ ಕಾಲದಿಂದ ತಲೆಯಲ್ಲಿ ಕೂತ ಮಾತು. ಎಷ್ಟು ಕರೆಂಟು ಎಂಬುದು ಗೊತ್ತುಮಾಡಿದ ಕಡೆ ಅದು ನಿಜ. ಎಸಿ ಲೈನಿಗೆ ನೇರ ಹಚ್ಚಿದ ಕಾಯಿಲ್‌ನಲ್ಲಿ ಉಲ್ಟಾ. ಅಲ್ಲಿ ವೋಲ್ಟೇಜ್ = 4.44 × ಫ್ರೀಕ್ವೆನ್ಸಿ × ಸುತ್ತು × ಫ್ಲಕ್ಸ್. ವೋಲ್ಟೇಜ್ ಮತ್ತು 50 ಹರ್ಟ್ಸ್ ನಮ್ಮ ಕೈಯಲ್ಲಿಲ್ಲ. ಹಾಗಾದರೆ ಸುತ್ತು ಏರಿಸಿದಷ್ಟೂ ಫ್ಲಕ್ಸ್ ಇಳಿಯಲೇಬೇಕು. ಎಳೆತ ಫ್ಲಕ್ಸಿನ ವರ್ಗಕ್ಕೆ ತಕ್ಕ ಹಾಗೆ ಬರುವುದರಿಂದ 500 ಸುತ್ತು ಹೆಚ್ಚು ಹಾಕಿ ಎಳೆತವನ್ನು ಶೇ 11ರಷ್ಟು ಕಳೆದಿದ್ದೆವು.

ವೇರಿಯಾಕ್ ನಿಧಾನ ಏರಿಸಿ ಪಿಕಪ್ ನೋಡಿದೆವು. 8000 ಸುತ್ತಿನದು 312 ವೋಲ್ಟಿಗೆ ಕೂತಿತು. ನಮ್ಮ 8500ರದ್ದು 332ಕ್ಕೆ. ಜಾವದಲ್ಲಿ ಲೈನಿನಲ್ಲಿದ್ದದ್ದು 328. ಆ ನಾಲ್ಕು ವೋಲ್ಟಿನ ಕೊರತೆಯಿಂದ ನಮ್ಮ ಕಾಯಿಲ್ ದಿನಾ ಬೆಳಗ್ಗೆ ತೆರೆದ ಕೋರಿನಲ್ಲಿ ಸುಮಾರು 120 ಮಿಲಿ ಆಂಪಿಯರ್ ಹೊತ್ತು 20 ವ್ಯಾಟ್ ಶಾಖದಲ್ಲಿ ನಾಲ್ಕು ನಿಮಿಷ ಬೇಯುತ್ತಿತ್ತು. ಆಮೇಲೆ ಮಣ್ಣಿನ ಮೇಲೆ ಕೂತು ಮಧ್ಯಾಹ್ನದವರೆಗೆ. "ವೋಲ್ಟೇಜ್ ಕಮ್ಮಿ ಇದ್ರೆ ಕಾಯಿಲ್‌ಗೆ ಒಳ್ಳೇದಲ್ವಾ ಅಣ್ಣಾ?" ಎಂದು ಹುಡುಗ ಕೇಳಿದ. ಕೋರ್ ಕೂರುವಷ್ಟು ಇದ್ದರೆ ಒಳ್ಳೆಯದೇ. ಕೂರದಷ್ಟು ಕಡಿಮೆಯಾದರೆ ಹೆಚ್ಚು ವೋಲ್ಟೇಜಿಗಿಂತ ಬೇಗ ಸುಡುತ್ತದೆ. ಕಾಂಟ್ಯಾಕ್ಟರ್‌ಗಳು ಹೆಸರಿನ ವೋಲ್ಟೇಜಿನ ಶೇ 85ರಲ್ಲಿ ಪಿಕಪ್ ಆಗಲೇಬೇಕೆಂಬ ನಿಯಮವಿದೆ. 415ಕ್ಕೆ ಅದು 353. ನಮ್ಮದು 332ಕ್ಕೆ ಕೂರುತ್ತಿತ್ತು, ಅಂದರೆ ನಿಯಮದ ಪ್ರಕಾರ ಪಾಸು. ಆ ತೋಟದ ಲೈನಿಗೆ ಮಾತ್ರ ಅದು ಸಾಲದು.

ಗುಂಯ್ ಸದ್ದಿಗೆ ಇನ್ನೊಂದು ಕಾರಣವೂ ಸಿಕ್ಕಿತು. 50 ಹರ್ಟ್ಸ್ ಕರೆಂಟಿನಲ್ಲಿ ಫ್ಲಕ್ಸ್ ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತದೆ, 100 ಸಲವೂ ಎಳೆತ ಸತ್ತು ಹುಟ್ಟುತ್ತದೆ. ಕೋರ್ ಬಿಡದಂತೆ ಹಿಡಿಯಲು ಹೊರಗಾಲುಗಳ ತುದಿಯಲ್ಲಿ ಸಣ್ಣ ಸೀಳು ಕೊರೆದು ಒಂದೊಂದು ತಾಮ್ರದ ಶೇಡಿಂಗ್ ರಿಂಗ್ ಕೂರಿಸಿರುತ್ತಾರೆ. ರಿಂಗಿನೊಳಗೆ ಹಾಯುವ ಫ್ಲಕ್ಸ್ ಆ ರಿಂಗಿನಲ್ಲೇ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟು ತನ್ನೊಳಗಿನ ಫ್ಲಕ್ಸನ್ನು ಸ್ವಲ್ಪ ತಡಮಾಡಿಸುತ್ತದೆ. ಹೊರಗಿನ ಭಾಗ ಸೊನ್ನೆಗೆ ಬಂದಾಗ ರಿಂಗಿನೊಳಗಿನ ಭಾಗ ಇನ್ನೂ ಎಳೆಯುತ್ತಿರುತ್ತದೆ. ಎಡಗಾಲಿನ ರಿಂಗಿನಲ್ಲಿ ಕೂದಲೆಳೆ ಬಿರುಕು ಇತ್ತು, ಭೂತಗನ್ನಡಿ ಹಿಡಿದ ಮೇಲೇ ಕಂಡದ್ದು. ಮಣ್ಣಿನ ಮೇಲೆ ವರ್ಷಗಟ್ಟಲೆ ಬಡಿದೂ ಬಡಿದೂ ಒಡೆದಿರಬೇಕು. ಬಿರುಕು ಬಿಟ್ಟ ರಿಂಗ್ ಎಂದರೆ ಕರೆಂಟು ಹರಿಯದ ರಿಂಗ್, ಇದ್ದೂ ಇಲ್ಲದ ಹಾಗೆ.

ಕೆಲವರು ಸದ್ದು ನಿಲ್ಲಿಸಲು ಕೋರಿನ ಮುಖಕ್ಕೆ ಅರ ಹಾಕುತ್ತಾರೆ. ದಯವಿಟ್ಟು ಬೇಡ. ಹೊರಗಾಲು ಸವೆದರೆ ಗಿಡ್ಡ ಮಾಡಿಟ್ಟ ನಡುಗಾಲು ಬಂದು ಮುಟ್ಟುತ್ತದೆ, ಆಮೇಲೆ ಕೋರ್ ಅಂಟಿಕೊಂಡು ಮೋಟರ್ ಆಫ್ ಆಗದೆ ನಿಲ್ಲುತ್ತದೆ. ಬೋರ್‌ವೆಲ್ ಒಣಗಿದಾಗ ಆಫ್ ಆಗದ ಮೋಟರ್ ಏನಾಗುತ್ತದೆಂದು ಯಾವ ರೈತರಿಗೂ ಹೇಳಬೇಕಿಲ್ಲ. ನಾವು ಮಣ್ಣನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ, ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆವು. ರಿಂಗ್ ಬಿರುಕು ಬಿಟ್ಟಿದ್ದರಿಂದ ಕೊನೆಗೆ ಕೋರ್ ಜೋಡಿಯನ್ನೇ ಹೊಸದು ಹಾಕಿದೆವು.

ಕಾಯಿಲ್ ಯಾವುದು ಹಾಕುವುದೆಂದು ಒಂದು ಸಂಜೆ ಯೋಚಿಸಿದೆ. 7000 ಸುತ್ತಿಗೆ ಇಳಿಸಿದರೆ ಫ್ಲಕ್ಸ್ ಏರುತ್ತದೆ, 328 ವೋಲ್ಟಿನಲ್ಲೂ ಪೂರ್ತಿ ಎಳೆತದ ಶೇ 82ರಷ್ಟು ಸಿಗುತ್ತದೆ. 8000 ಸುತ್ತಿನಲ್ಲಿ ಸಿಗುವುದು ಶೇ 62. ಕಡಿಮೆ ವೋಲ್ಟೇಜಿಗೆಂದೇ ಸಿಗುವ ವೈಡ್‌ಬ್ಯಾಂಡ್ ಕಾಯಿಲ್‌ಗಳ ಹಿಂದೆ ಇರುವುದೂ ಇಂಥದೇ ಲೆಕ್ಕ. ಆದರೆ ಸುತ್ತು ಕಡಿಮೆಯಾದರೆ ಇಂಡಕ್ಟೆನ್ಸೂ ಇಳಿಯುತ್ತದೆ. ಎಂದಾದರೂ ಕೋರ್ ಸಿಕ್ಕಿಕೊಂಡರೆ 415ರಲ್ಲಿ 38 ವ್ಯಾಟ್ ಇದ್ದ ಶಾಖ 50 ದಾಟುತ್ತದೆ. ಇನ್ನೊಂದು ದಾರಿ ಸುಲಭವಿತ್ತು. ಆಟೊ ಸ್ಟಾರ್ಟರ್‌ನಲ್ಲಿ ಡಿಲೇ ಇದೆ. ಕರೆಂಟು ಬಂದ ಐದು ನಿಮಿಷದ ಮೇಲೆ ಕಾಯಿಲ್‌ಗೆ ಲೈನ್ ಕೊಟ್ಟರೆ ಆ ಹೊತ್ತಿಗೆ 381 ವೋಲ್ಟ್ ಇರುತ್ತದೆ. ಅಲ್ಲಿ 8000 ಸುತ್ತಿನದೇ ಶೇ 84ರಷ್ಟು ಎಳೆಯುತ್ತದೆ. ಸುತ್ತು ಬದಲಿಸಿ ಪಡೆಯುವುದನ್ನು ಕಾಯುವುದರಿಂದಲೇ ಪಡೆಯಬಹುದಾಗಿತ್ತು. ಅಸಲಿ ಕಾಯಿಲ್ ಹಾಕಿ ಡಿಲೇ ಐದು ನಿಮಿಷಕ್ಕಿಟ್ಟೆವು. ಯಜಮಾನರು ಅಕ್ಕಪಕ್ಕದ ಮೂವರನ್ನು ಕರೆದು ಮಾತಾಡಿ, ಅವರವರ ಡಿಲೇ ಒಂದೊಂದು ನಿಮಿಷ ಹಿಂದುಮುಂದು ಮಾಡಿಸಿದರು. ಕೇಬಲ್ ತೂತಿಗೆ ಎಪಾಕ್ಸಿ ಪುಟ್ಟಿ ತುಂಬಿದೆವು.

ಅಂದಿನಿಂದ ನಮ್ಮಲ್ಲಿ ಸುತ್ತಿದ ಪ್ರತಿ ನೋ-ವೋಲ್ಟ್ ಕಾಯಿಲ್‌ನ ಮೇಲೂ ಹುಡುಗ ಮೂರು ಅಂಕಿ ಬರೆಯುತ್ತಾನೆ: ಸುತ್ತು, ಪಿಕಪ್ ವೋಲ್ಟೇಜ್, ಕೂತಾಗಿನ ಮಿಲಿ ಆಂಪಿಯರ್. ಕಾರ್ತಿಕದಲ್ಲಿ ಆ ತೋಟದ ಕಡೆ ಹೋದಾಗ ಬಾಕ್ಸ್ ತೆಗೆದು ಅಳೆದೆ. 25 ಮಿಲಿ ಆಂಪಿಯರ್ ಇತ್ತು, ಸದ್ದಿರಲಿಲ್ಲ. ಬಾಕ್ಸಿನ ಹೊರಗೆ, ಮುಚ್ಚಳದ ಮೇಲಂಚಿನಲ್ಲಿ, ಕಡಜ ಹಸಿ ಮಣ್ಣಿನ ಹೊಸ ಗೂಡು ಶುರು ಮಾಡಿತ್ತು.